ಅಗ್ನಿಸುರಕ್ಷತಾ ನೋಟೀಸು: ಕಟ್ಟಡ ಮಾಲೀಕರ ಕಡತದಲ್ಲಿ ಏನಿರಬೇಕು?

ನಮ್ಮ ಸದಸ್ಯರಲ್ಲಿ ಕೆಲವರು ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ಮಳಿಗೆ, ಗೋದಾಮುಗಳನ್ನು ಬಾಡಿಗೆಗೆ ನೀಡಿರುತ್ತಾರೆ. ಬೆಂಕಿಯ ಹೊಣೆ ಬಾಡಿಗೆದಾರನದೇ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಮಹಾರಾಷ್ಟ್ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕ್ರಮಗಳ ಅಧಿನಿಯಮ, 2006ರ 3ನೇ ಕಲಮು ಮಾಲೀಕ ಹಾಗೂ ಅನುಭೋಗದಾರ ಇಬ್ಬರನ್ನೂ ಹೊಣೆಗಾರರನ್ನಾಗಿಸುತ್ತದೆ. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ 14 ಮಂದಿ ಬೆಂಕಿಗೆ ಬಲಿಯಾದಾಗ ತನಿಖೆಯು ಬಾಡಿಗೆದಾರರಲ್ಲಿಗೇ ನಿಲ್ಲದೆ ಆವರಣದ ಒಡೆಯರವರೆಗೂ ಹೋಯಿತು.

ಅಧಿನಿಯಮಕ್ಕೆ ಒಳಪಡುವ ಕಟ್ಟಡಗಳಲ್ಲಿ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೆಂದು ಪರವಾನಗಿ ಪಡೆದ ಸಂಸ್ಥೆ ನೀಡುವ ‘ಬಿ’ ನಮೂನೆಯ ಪ್ರಮಾಣಪತ್ರವನ್ನು ಪ್ರತಿ ವರ್ಷ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಅಗ್ನಿಶಾಮಕ ಅಧಿಕಾರಿಗೆ ಸಲ್ಲಿಸಬೇಕು. ತಪಾಸಣೆಯಲ್ಲಿ ನ್ಯೂನತೆ ಕಂಡುಬಂದರೆ 6ನೇ ಕಲಮಿನನ್ವಯ ಅವಧಿ ಗೊತ್ತುಪಡಿಸಿ ನೋಟೀಸು ನೀಡಲಾಗುತ್ತದೆ. ಆಗ ಮಾಡಬೇಕಾದುದು:

1. ನೋಟೀಸು ತಲುಪಿದ ದಿನಾಂಕವನ್ನು ಅದರ ಮೇಲೆಯೇ ಬರೆದು, ಲಕೋಟೆಯನ್ನೂ ಕಾಯ್ದಿರಿಸಿ.

2. ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್ ಮೂಲಕ ಬಾಡಿಗೆದಾರನಿಗೆ ಕಳುಹಿಸಿ. ಬಾಡಿಗೆ ಕರಾರು ವೆಚ್ಚವನ್ನು ಹಂಚಬಲ್ಲುದೇ ಹೊರತು ಇಲಾಖೆಯ ಮುಂದೆ ನಿಮ್ಮ ಹೊಣೆಯನ್ನು ಕಳಚದು.

3. ಕೆಲಸ ವಹಿಸುವ ಮುನ್ನ ಸಂಸ್ಥೆಯ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನೋಡಿ.

4. ನೋಟೀಸಿನ ಪ್ರತಿಯೊಂದು ಅಂಶಕ್ಕೂ ಅದೇ ಕ್ರಮಸಂಖ್ಯೆಯಲ್ಲಿ ಉತ್ತರಿಸಿ, ಬಿಲ್ಲು, ಛಾಯಾಚಿತ್ರ, ಪ್ರಮಾಣಪತ್ರಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಕಾಲಾವಕಾಶ ಬೇಕಿದ್ದಲ್ಲಿ ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ಕೋರಿ.

ನನ್ನ ಕಕ್ಷಿದಾರರೊಬ್ಬರು ಸಾಕಷ್ಟು ವೆಚ್ಚಮಾಡಿ ಎಲ್ಲವನ್ನೂ ಸರಿಪಡಿಸಿದ್ದರು. ಆದರೆ ಪ್ರಮಾಣಪತ್ರದಲ್ಲಿ ಪಕ್ಕದ ಗೋದಾಮಿನ ಸಂಖ್ಯೆ ನಮೂದಾಗಿತ್ತು. ಅದನ್ನು ತಿದ್ದಿಸುವಷ್ಟರಲ್ಲಿ ಅವಧಿ ಮೀರಿ, ನೀರು ಮತ್ತು ವಿದ್ಯುತ್ ಸಂಪರ್ಕ ಕಡಿತದ ಎಚ್ಚರಿಕೆ ಬಂದಿತ್ತು. ಕೆಲಸದಲ್ಲಿ ಲೋಪವಿರಲಿಲ್ಲ, ಲೋಪವಿದ್ದುದು ಕಾಗದದಲ್ಲಿ. ಆದಕಾರಣ ವಿಳಾಸ, ಮಹಡಿ, ಘಟಕಸಂಖ್ಯೆಗಳನ್ನು ತೆರಿಗೆ ರಸೀದಿಯೊಡನೆ ತಾಳೆನೋಡುವುದು ಅವಶ್ಯ.

ತೆರಿಗೆಯ ಒಂದು ಮಾತು. ಬಾಡಿಗೆಯನ್ನು ಗೃಹಸ್ವತ್ತಿನ ಆದಾಯವಾಗಿ ತೋರಿಸುವವರಿಗೆ ದುರಸ್ತಿಯ ಬಾಬಿಗೆ ಶೇ. 30ರ ನಿಗದಿತ ಕಡಿತವಷ್ಟೇ ಲಭ್ಯ. ಈ ದುರಸ್ತಿ ವೆಚ್ಚಕ್ಕೆ ಪ್ರತ್ಯೇಕ ಕಡಿತವಿಲ್ಲ. ಆದರೂ ಬಿಲ್ಲುಗಳನ್ನು ಎಸೆಯಬಾರದು. ಅವಘಡ ಸಂಭವಿಸಿದಲ್ಲಿ ವಿಮಾ ಸಮೀಕ್ಷಕರೂ ಪೊಲೀಸರೂ ಮೊದಲು ಕೇಳುವುದು ಆ ಕಡತವನ್ನೇ.

ಜನವರಿ, ಜುಲೈ ತಿಂಗಳುಗಳನ್ನು ಲೆಕ್ಕಪತ್ರದ ದಿನದರ್ಶಿಯಲ್ಲಿ ಇಂದೇ ಗುರುತಿಸಿಕೊಳ್ಳುವುದು ಒಳಿತು.