ಕೊಳ್ಳೇಗಾಲ ಒಡೆಯದ ಕಂಪ್ಯೂಟರ್

ಕೋರಲ್ ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿ ಇರುವ ಯಾವುದಾದರೂ ಕಂಪ್ಯೂಟರಿನ ಮುಂದೆ ಕೂತು, ಯೂನಿಕೋಡ್ ಅಕ್ಷರಗಳಲ್ಲಿ ಮೂರು ಊರಿನ ಹೆಸರು ಹೊಡೆಯಿರಿ. ಹನೂರು ಹೆಚ್ಚೂಕಮ್ಮಿ ಹನೂರಾಗಿಯೇ ಬರುತ್ತದೆ. ಯಳಂದೂರಿಗೂ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ. ಕೊಳ್ಳೇಗಾಲ ಮಾತ್ರ ನಡು ಮುರಿದು ‘ಕೊಳ್‌ಳೇಗಾಲ’ ಎಂದು ಬಿದ್ದಿರುತ್ತದೆ. ಹೆಸರಿನಲ್ಲಿ ಒತ್ತಕ್ಷರ ಇಟ್ಟುಕೊಂಡ ಊರಿನ ಪಾಡು ಅದು.

ಇದು ಈಗ ನೆನಪಾಗಲು ನನ್ನ ಸೋದರಳಿಯ ಕಾರಣ. ಹನೂರಿನಲ್ಲಿ ಡಿಟಿಪಿ ಅಂಗಡಿ ಇಡಲು ಹೊರಟವನು ಮನೆಗೆ ಬಂದು, ‘ಮಾವ, ಮ್ಯಾಕೇ ತಕ್ಕಳಾದು ಅಂತಿವ್ನಿ. ಡಿಸೈನ್‌ಗೆ ಅದೇ ಬೆಸ್ಟು ಅಂತಾರೆ’ ಅಂದ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಲ್ಲಬೇಕಾದವನು ನಾನಾದ್ದರಿಂದ, ತಕ್ಷಣ ಹೂಂ ಅನ್ನಲಾಗಲಿಲ್ಲ.

ಡಿಸೈನ್‌ಗೆ ಮ್ಯಾಕೇ ಬೆಸ್ಟು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆಪಲ್ ಕಂಪನಿಯ ಮ್ಯಾಕಿಂಟೋಶ್ ಬಂದದ್ದು 1984ರಲ್ಲಿ. ಮರುವರ್ಷವೇ ಅದಕ್ಕೆ ಲೇಸರ್‌ರೈಟರ್ ಪ್ರಿಂಟರು ಜೊತೆಯಾಯಿತು, ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಜೊತೆಯಾಯಿತು. ಅಚ್ಚುಕೂಟದ ಅರ್ಧ ಕೆಲಸ ಒಂದು ಮೇಜಿನ ಮೇಲೆ ಮುಗಿಯತೊಡಗಿತು. ಡೆಸ್ಕ್‌ಟಾಪ್ ಪಬ್ಲಿಷಿಂಗ್, ಅಂದರೆ ಡಿಟಿಪಿ, ಎಂಬ ಮಾತು ಬಳಕೆಗೆ ಬಂದದ್ದು ಆಗ. ವಿಂಡೋಸ್‌ಗೆ ಪೇಜ್‌ಮೇಕರ್ ಸಿಕ್ಕಿದ್ದು 1987ರಲ್ಲಿ. ಆ ಎರಡು ವರ್ಷದ ಮುನ್ನಡೆ ತಂದ ಹೆಸರನ್ನು ಮ್ಯಾಕ್ ಇವತ್ತಿಗೂ ಉಣ್ಣುತ್ತಿದೆ. ನಮ್ಮ ಕಡೆಗೆ ಡಿಟಿಪಿ ಬರುವ ಹೊತ್ತಿಗೆ ಬಿಡಿಭಾಗ ಜೋಡಿಸಿ ಕೊಡುವ ಅಗ್ಗದ ಪಿ.ಸಿ.ಗಳಿದ್ದವು, ಹಾಗಾಗಿ ವಿಂಡೋಸ್ ಬಂತು. ಆದರೆ ಅದು ಇಲ್ಲೇ ಬೇರುಬಿಟ್ಟದ್ದು ಅಗ್ಗವೆಂಬ ಕಾರಣಕ್ಕಿಂತ ಹೆಚ್ಚಾಗಿ ಕನ್ನಡ ಅಕ್ಷರದ ಕಾರಣಕ್ಕೆ.

ಕೊಳ್ಳೇಗಾಲ ಕಣ್ಣಿಗೆ ನಾಲ್ಕಕ್ಷರ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ: ಕ, ಒತ್ವ, ಳ, ಹಲಂತ, ಇನ್ನೊಂದು ಳ, ಏತ್ವ, ಗ, ಇಳಿ, ಲ. ಇದು ಉಚ್ಚಾರಣೆಯ ಕ್ರಮ. ಬರೆಯುವ ಕ್ರಮವೇ ಬೇರೆ. ‘ಳ್ಳೇ’ ಬರೆಯುವಾಗ ಎತ್ವ ಮೊದಲ ಳಕಾರದ ತಲೆಗೇರುತ್ತದೆ, ಎರಡನೆಯ ಳ ಅದರ ಕಾಲಡಿಗೆ ಒತ್ತಾಗಿ ಇಳಿಯುತ್ತದೆ, ದೀರ್ಘದ ಚಿಹ್ನೆ ಎರಡನ್ನೂ ದಾಟಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಇದನ್ನು ಕೈಯಲ್ಲೇ ಮಾಡುತ್ತಿದ್ದರು. ಈಗ ಕಂಪ್ಯೂಟರಿನ ಒಳಗೆ ಅಂಥವನೊಬ್ಬ ಇರಬೇಕು. ವಿಂಡೋಸ್‌ನಲ್ಲಿ ಬಹುಕಾಲ ಯೂನಿಸ್ಕ್ರೈಬ್ ಎಂಬ ಭಾಗ ಈ ಕೆಲಸ ಮಾಡಿತು. ಮ್ಯಾಕ್‌ನಲ್ಲಿ ಕೋರ್ ಟೆಕ್ಸ್ಟ್, ಲಿನಕ್ಸ್‌ನಲ್ಲಿ ಹಾರ್ಫ್‌ಬಜ್ ಮಾಡುತ್ತವೆ. 2001ರ ವಿಂಡೋಸ್ ಎಕ್ಸ್‌ಪಿ ಬರುವಾಗಲೇ ‘ತುಂಗಾ’ ಎಂಬ ಕನ್ನಡ ಫಾಂಟನ್ನು ಹೊತ್ತು ತಂದಿತ್ತು. ಮ್ಯಾಕ್‌ನಲ್ಲಿ ಆಪಲ್‌ನದೇ ಕನ್ನಡ ಫಾಂಟು ಕಂಡದ್ದು 2011ರ ಲಯನ್ ಆವೃತ್ತಿಯಲ್ಲಿ.

ಮೊಳೆಗಾರ ಮನೆಯಲ್ಲಿದ್ದರೆ ಸಾಲದು, ಕೆಲಸಕ್ಕೆ ಕರೆಯುವವರೂ ಬೇಕಲ್ಲ. ಕೋರಲ್ ಡ್ರಾ ಅವನನ್ನು ಕರೆಯಲು ಕಲಿತದ್ದು 2012ರ ಎಕ್ಸ್6 ಆವೃತ್ತಿಯಲ್ಲಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಕನ್ನಡವನ್ನು ಸರಿಯಾಗಿ ಒಳಗೆ ಬಿಟ್ಟುಕೊಂಡದ್ದೂ ಅದೇ ವರ್ಷ. ಉಚಿತವಾಗಿ ಸಿಗುವ ಸ್ಕ್ರೈಬಸ್ 2017ರವರೆಗೆ ಕಾಯಿಸಿತು.

ಹಾಗಿದ್ದರೆ ಅದಕ್ಕೂ ಮೊದಲಿನ ಲಗ್ನಪತ್ರಿಕೆಗಳೆಲ್ಲ ಹೇಗೆ ಅಚ್ಚಾದವು? ಒಂದು ಜಾಣ ಉಪಾಯದಿಂದ. ಕನ್ನಡ ಅಕ್ಷರವನ್ನು ತಲೆಕಟ್ಟು, ಬೊಡ್ಡೆ, ಒತ್ತು ಎಂದು ತುಂಡು ಮಾಡಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಆ ತುಂಡುಗಳನ್ನು ಕೂರಿಸಿಬಿಟ್ಟರು. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಎಲ್ಲದರ ಫಾಂಟುಗಳೂ ಈ ದಾರಿ ಹಿಡಿದವೇ. ನಾಡೋಜ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ನೀವು ಉಚ್ಚಾರಣೆಯಂತೆ ಒತ್ತುತ್ತ ಹೋದರೆ, ನುಡಿ ತಂತ್ರಾಂಶ ಆ ಗಳಿಗೆಯಲ್ಲೇ ತುಂಡುಗಳನ್ನು ಜೋಡಿಸಿ ಫೈಲಿಗೆ ಇಳಿಸುತ್ತಿತ್ತು. ಪೇಜ್‌ಮೇಕರಿಗಾಗಲಿ ಕೋರಲ್‌ಗಾಗಲಿ ಅದು ಕನ್ನಡವೆಂದೇ ಗೊತ್ತಿಲ್ಲ. ಇಂಗ್ಲಿಷ್ ಎಂದುಕೊಂಡೇ ಅಚ್ಚು ಹಾಕಿದವು. ಒಂದು ಒತ್ತೂ ತಪ್ಪಲಿಲ್ಲ.

ಗುಟ್ಟು ರಟ್ಟಾಗುವುದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ. ನುಡಿಯ ‘ಕನ್ನಡ’ ಅಲ್ಲಿ ಹೀಗೆ ಕಾಣುತ್ತದೆ: ಇಂಗ್ಲಿಷಿನ ಪಿ, ನೆತ್ತಿಯ ಮೇಲೊಂದು ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಇನ್ನೊಮ್ಮೆ ಎ. ನಕಾರದ ಬೊಡ್ಡೆ ಪೌಂಡಿನ ಮನೆಯಲ್ಲಿ ಬಾಡಿಗೆಗಿತ್ತು, ಅಷ್ಟೇ. ಯೂನಿಕೋಡ್‌ನಲ್ಲಾದರೆ ಅದೇ ಪದ 3221, 3240, 3277, 3240, 3233 ಎಂಬ ಐದು ಸಂಖ್ಯೆ. ಜಗತ್ತಿನ ಯಾವ ಯಂತ್ರದಲ್ಲೂ ಇವು ಬೇರೆ ಲಿಪಿಗೆ ಸೇರುವುದಿಲ್ಲ.

ಗಡಿಯಂಚಿನ ಈ ಸೀಮೆಗೆ ಇದರಲ್ಲಿ ಇನ್ನೊಂದು ತೊಡಕು. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇವತ್ತಿಗೂ ಮಲೆ ಮಹದೇಶ್ವರ ಬೆಟ್ಟಕ್ಕೆ ತಮಿಳು ಭಕ್ತರು ದಂಡಾಗಿ ಬರುತ್ತಾರೆ, ಫಲಕಗಳಲ್ಲಿ ಎರಡು ಭಾಷೆ ಬೇಕಾಗುತ್ತದೆ. ಹಳೆಯ ಪದ್ಧತಿಯಲ್ಲಿ ಕನ್ನಡ ಫಾಂಟಿನ ತುಂಡೂ ತಮಿಳು ಫಾಂಟಿನ ತುಂಡೂ ಅದೇ ಇಂಗ್ಲಿಷ್ ಮನೆಯಲ್ಲಿ ವಾಸ. ಇಡೀ ಫಲಕಕ್ಕೆ ಒಮ್ಮೆ ಫಾಂಟ್ ಬದಲಿಸಿದರೆ ತಮಿಳು ಸಾಲೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತದೆ. ಯೂನಿಕೋಡ್‌ನಲ್ಲಿ ತಮಿಳಿನ ಕ 2965, ನಮ್ಮದು 3221. ನಡುವೆ ಸರಿಯಾಗಿ 256 ಮನೆ ಅಂತರ. ಒಬ್ಬರ ಹಿತ್ತಲಿಗೆ ಇನ್ನೊಬ್ಬರು ಕಾಲಿಡುವುದಿಲ್ಲ.

ಇಷ್ಟಿದ್ದೂ ಅಂಗಡಿಗಳು ಹಳೆಯದನ್ನು ಬಿಟ್ಟಿಲ್ಲ. ಬಿಡುವುದು ಹೇಗೆ? ಪಳಗಿದ ಡಿಟಿಪಿ ಅಂಗಡಿಯ ಡಿ ಡ್ರೈವ್‌ನಲ್ಲಿ ವರ್ಷಗಟ್ಟಲೆಯ ಲಗ್ನಪತ್ರಿಕೆ, ಶ್ರದ್ಧಾಂಜಲಿ, ಗೃಹಪ್ರವೇಶ, ಬಿಲ್ ಬುಕ್ಕುಗಳ ಕೋರಲ್ ಫೈಲುಗಳಿರುತ್ತವೆ. ಹೆಸರು, ತಾರೀಕು, ಫೋಟೊ ಬದಲಿಸಿದರೆ ಹತ್ತು ನಿಮಿಷದ ಕೆಲಸ. ಅದೇ ಬಂಡವಾಳ. ಆ ಫೈಲನ್ನು ಪೂರ್ತಿಯಾಗಿ ತೆರೆಯಬಲ್ಲದ್ದು ಕೋರಲ್ ಮಾತ್ರ. ಕೋರಲ್ ಕಂಪನಿಯೋ 2002ರ ಆವೃತ್ತಿಯ ನಂತರ ಮ್ಯಾಕ್ ಕಡೆ ತಲೆಹಾಕದೆ, ಮತ್ತೆ ಹೋದದ್ದು 2019ರಲ್ಲಿ. ಲಿನಕ್ಸ್‌ನಲ್ಲಿ ಇಂಕ್‌ಸ್ಕೇಪ್ ಅದನ್ನು ತೆರೆಯುತ್ತದೆ, ಆದರೆ ಮುಕ್ಕಾಗಿ.

ಕೊಳ್ಳೇಗಾಲದ ರೇಷ್ಮೆ ನೇಕಾರರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಫ್ರಾನ್ಸಿನ ಜೋಸೆಫ್ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರದಲ್ಲಿ ಸೀರೆಯ ಅಂಚು, ಸೆರಗುಗಳ ಚಿತ್ತಾರ ಇರುವುದು ರಟ್ಟಿನ ಕಾರ್ಡುಗಳಲ್ಲಿ. ತೂತಿದ್ದರೆ ಹಾಸಿನ ಎಳೆ ಮೇಲೆದ್ದೀತು, ಇಲ್ಲದಿದ್ದರೆ ಕೆಳಗುಳಿದೀತು. ಕಂಪ್ಯೂಟರಿನ ಒಂದು-ಸೊನ್ನೆಯ ಅಜ್ಜ ಅದೇ. 240 ಕೊಕ್ಕೆಯ ಜಕಾರ್ಡಿಗೆ ಹೊಡೆದ ಕಾರ್ಡಿನ ಸರವನ್ನು 120 ಕೊಕ್ಕೆಯದಕ್ಕೆ ಏರಿಸಿದರೆ ನವಿಲು ನವಿಲಾಗಿ ಬರುವುದಿಲ್ಲ. ವಿನ್ಯಾಸ ನಮ್ಮದೇ ಆದರೂ ಅದು ಯಾವ ಯಂತ್ರದ ಭಾಷೆಯಲ್ಲಿದೆ ಎಂಬುದು ಅವತ್ತಿನಿಂದಲೂ ತಲೆನೋವೇ.

ಬಣ್ಣದ ವಿಷಯಕ್ಕೆ ಬಂದರೆ ಮ್ಯಾಕ್ ಪರದೆ ಒಳ್ಳೆಯದು, ಅನುಮಾನವಿಲ್ಲ. ಹಿಂದೆ ಮ್ಯಾಕ್‌ಗೂ ವಿಂಡೋಸ್‌ಗೂ ಬೆಳಕಿನ ಅಳತೆಗೋಲೇ ಬೇರೆ ಇತ್ತು. 0ಯಿಂದ 255ರ ನಡುವಿನ 128 ಎಂಬ ಬೂದುಬಣ್ಣ ವಿಂಡೋಸ್‌ನಲ್ಲಿ ಪೂರ್ತಿ ಬೆಳಕಿನ ಶೇ. 22ರಷ್ಟು ಹೊಳೆದರೆ, ಮ್ಯಾಕ್‌ನಲ್ಲಿ ಶೇ. 29ರಷ್ಟು. 2009ರಲ್ಲಿ ಆಪಲ್ ತನ್ನ ಗೋಲನ್ನು ಬಿಟ್ಟು ಎಲ್ಲರ ಜೊತೆ ಸೇರಿತು. ಈಗ ನಿಜವಾದ ಕಂದಕ ಇರುವುದು ಪರದೆಗೂ ಫ್ಲೆಕ್ಸಿಗೂ ನಡುವೆ. ಪರದೆ ಬಣ್ಣ ಕಟ್ಟುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ; ಅಚ್ಚಿನ ಯಂತ್ರ ನಾಲ್ಕು ಶಾಯಿಯಿಂದ. ಹುಲಿ ಏರಿದ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ, ಹಿಂದೆ ಕಣ್ಣು ಕೋರೈಸುವ ನೀಲಿ ಹಾಕಿ ಅಚ್ಚಿಗೆ ಕಳಿಸಿದರೆ ಮೈಸೂರಿನಿಂದ ಬರುವುದು ಮಂಕು ನೇರಳೆ. ದುಬಾರಿ ಪರದೆ ಆ ನೀಲಿಯನ್ನು ಇನ್ನಷ್ಟು ಚೆಂದ ತೋರಿಸಿ ಇನ್ನಷ್ಟು ಮೋಸ ಮಾಡುತ್ತದೆ. (ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬೆಟ್ಟದ ಜಾತ್ರೆಯ ಹೊತ್ತಿಗೆ ಆ ನಿಷೇಧ ಎಲ್ಲಿರುತ್ತದೋ ಮಾದಪ್ಪನೇ ಬಲ್ಲ.)

ಅಳಿಯನಿಗೆ ವಿಂಡೋಸೇ ಸಾಕು ಎಂದೆ. ಉಳಿದ ದುಡ್ಡಿಗೆ ಒಳ್ಳೆಯ ಮಾನಿಟರ್ ತೆಗೆದುಕೋ, ಹೊಸ ಕೆಲಸವೆಲ್ಲ ಯೂನಿಕೋಡ್‌ನಲ್ಲೇ ಇರಲಿ, ಎಂದೂ ಸೇರಿಸಿದೆ. ಹಾಗಾದರೆ ಒಬ್ಬರಿಂದ ಕೊಳ್ಳುತ್ತೇನೆಂದು ಅವನು ಹೇಳಿದ ಹಳೆಯ ಪಿ.ಸಿ. ಮಾತ್ರ ಬೇಡವೆಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿದೆ. 11 ಹಾಕೋಣವೆಂದರೆ ಭದ್ರತೆಯ ಚಿಪ್ ಇಲ್ಲದ ಯಂತ್ರವನ್ನು ಅದು ಒಪ್ಪುವುದಿಲ್ಲ. ಅಂಥದಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕು ವರ್ಷ ದುಡಿದೀತು, ಆದರೆ ಮೊದಲ ಅಂಗಡಿಗೆ ಆ ಸಾಹಸ ಬೇಕಿರಲಿಲ್ಲ.

ಮೈಸೂರಿನ ಮಳಿಗೆಯಲ್ಲಿ ಲ್ಯಾಪ್‌ಟಾಪ್ ತೋರಿಸಿದ ಹುಡುಗ ಗೇಮ್ ತೆರೆಯಲು ಹೊರಟ. ನಾವು ‘ಕೊಳ್ಳೇಗಾಲ’, ‘ಮಹದೇಶ್ವರ’ ಹೊಡೆದು ನೋಡಿದೆವು. ಎರಡೂ ಒಡೆಯಲಿಲ್ಲ.

ದೀಪಾವಳಿ ಜಾತ್ರೆಗೆ ಅವನ ಮೊದಲ ದೊಡ್ಡ ಕೆಲಸ ಬಂತು. ಪ್ರಿಂಟ್ ಹಾಕುವವರು ಎಂದಿನಂತೆ ‘ಕರ್ವ್ ಮಾಡಿ ಕಳಿಸಿ’ ಅಂದಿದ್ದರು. ಹಾಗೆಂದರೆ ಅಕ್ಷರವನ್ನು ಅಕ್ಷರವಾಗಿ ಇಡದೆ ಬರೀ ಬಾಗುಗೆರೆಗಳ ಚಿತ್ರವಾಗಿಸುವುದು. ರೆನೋ ಕಾರಿನ ಮೈ ಬರೆಯಲು ಪಿಯರ್ ಬೆಜಿಯೆ 1960ರ ದಶಕದಲ್ಲಿ ಬಳಸಿದ ಗಣಿತವೇ ಅದರ ಹಿಂದಿದೆ. ಕರ್ವ್ ಆದಮೇಲೆ ಫಾಂಟೂ ಬೇಡ, ಮೊಳೆಗಾರನೂ ಬೇಡ, ಯಾವ ಕಂಪ್ಯೂಟರಿನಲ್ಲೂ ಒತ್ತು ಕದಲುವುದಿಲ್ಲ. ಅಳಿಯ ಹಾಗೇ ಮಾಡಿ ಕಳಿಸಿ, ರಾತ್ರಿ ಫೋನ್ ಮಾಡಿದ.

‘ಮಾವ, ದಾನಿಗಳ ಹೆಸರಲ್ಲಿ ಒಂದು ತಪ್ಪಾಗದೆ. ಈಗ ತಿದ್ದಾಕೆ ಹೋದ್ರೆ ಅದು ಅಕ್ಸರಾನೇ ಅಲ್ಲ ಅಂತದೆ.’

‘ಕರ್ವ್ ಮಾಡೋಕೆ ಮುಂಚಿನ ಫೈಲ್ ಇಟ್ಕೊಂಡಿದ್ದೀಯಾ?’

ಆ ಕಡೆಯಿಂದ ಮಾತಿಲ್ಲ.