ಹುಳು ಹಣ್ಣಾದ ಕಥೆಯನ್ನೇ ಕ್ಯಾಮೆರಾಗೆ ಹೇಳಿ

ಈಗ ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳಿಗೂ ಕೆಲಸದ ಸಂದರ್ಶನದ ಮೊದಲ ಸುತ್ತು ಫೋನಿನಲ್ಲೇ ಮುಗಿಯುತ್ತಿದೆ. ಎದುರಿಗೆ ಕೇಳುವವರು ಯಾರೂ ಇರುವುದಿಲ್ಲ. ಕಂಪನಿ ಕಳಿಸಿದ ಲಿಂಕ್ ಒತ್ತಿದರೆ ಪರದೆ ಮೇಲೆ ಒಂದು ಪ್ರಶ್ನೆ, ಯೋಚಿಸಲು ಅರ್ಧ ನಿಮಿಷವೋ ಒಂದು ನಿಮಿಷವೋ, ಆಮೇಲೆ ರೆಕಾರ್ಡಿಂಗಿನ ಕೆಂಪು ಚುಕ್ಕೆ. ಎರಡು ಮೂರು ನಿಮಿಷದಲ್ಲಿ ಉತ್ತರ ಮುಗಿಸಬೇಕು. ಪದವಿ ಮುಗಿಸಿದವರನ್ನು ಇದಕ್ಕೆ ಅಣಿಮಾಡಲು ನಾನು ಕೂತಾಗೆಲ್ಲ ಅವೇ ನಂಬಿಕೆಗಳು ಅಡ್ಡ ಬರುತ್ತವೆ.

'ಕಂಪ್ಯೂಟರ್ ಮುಖ ನೋಡಿ ಮಾರ್ಕ್ಸ್ ಹಾಕುತ್ತೆ, ನಗುತ್ತಲೇ ಇರಬೇಕು' ಎನ್ನುವುದು ಮೊದಲನೆಯದು. ಇದು ಪೂರ್ತಿ ಬುಡವಿಲ್ಲದ ಮಾತೇನಲ್ಲ. ಈ ಬಗೆಯ ಸಂದರ್ಶನಕ್ಕೆ ಹೆಸರಾದ ಅಮೆರಿಕದ ಹೈರ್‌ವ್ಯೂ ಹಿಂದೆ ಮುಖಭಾವವನ್ನೂ ಅಳೆಯುತ್ತಿತ್ತು. ಟೀಕೆ ಜೋರಾದ ಮೇಲೆ, ಅದನ್ನು ಕೈಬಿಟ್ಟಿದ್ದೇವೆ ಎಂದು 2021ರ ಜನವರಿಯಲ್ಲಿ ತಿಳಿಸಿತು. ಯಂತ್ರ ಬಳಸುವ ಕಡೆ ಈಗ ಹೈರ್‌ವ್ಯೂ ಮುಖ್ಯವಾಗಿ ನೋಡುವುದು ನಿಮ್ಮ ಮಾತನ್ನು ಅಕ್ಷರಕ್ಕಿಳಿಸಿದ ಪಠ್ಯವನ್ನು. ಎಷ್ಟೋ ಕಡೆ ಎಚ್‌ಆರ್‌ನವರೇ ಕೂತು ವಿಡಿಯೊ ನೋಡುತ್ತಾರೆ. ಬಲವಂತದ ನಗು ಇಬ್ಬರಿಗೂ ಬೇಕಿಲ್ಲ.

ಎರಡನೆಯದು ಹೆಚ್ಚು ಹಾನಿ ಮಾಡುತ್ತದೆ: 'ಉತ್ತರ ಬೈಹಾರ್ಟ್ ಮಾಡಿ ಒಪ್ಪಿಸಿದರಾಯಿತು.' ಹನೂರು ಕಡೆಯ ಹುಡುಗನೊಬ್ಬ 'ಒತ್ತಡದಲ್ಲಿ ಕೆಲಸ ಮಾಡಿದ ಸಂದರ್ಭ ಹೇಳಿ' ಎಂಬ ಪ್ರಶ್ನೆಗೆ, ಯೂಟ್ಯೂಬಿನಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಸಾಲು ಒಪ್ಪಿಸಿದ. ಕಣ್ಣು ಗೋಡೆಗೆ ಅಂಟಿಸಿದ ಚೀಟಿಯ ಮೇಲೆ ಎಡದಿಂದ ಬಲಕ್ಕೆ ಓಡುತ್ತಿತ್ತು. ಚೀಟಿ ಕಿತ್ತು, ಮನೆಯಲ್ಲಿ ಏನು ಮಾಡುತ್ತೀಯ ಎಂದೆ. ರೇಷ್ಮೆ ಎಂದ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದಿತ್ತಂತೆ. ಒದ್ದೆ ಸೊಪ್ಪು ಹಾಕಿದರೆ ರೋಗ, ಹಾಕದಿದ್ದರೆ ಹಸಿವು. ಜಗಲಿಯಲ್ಲಿ ಸೊಪ್ಪು ಹರಡಿ, ಫ್ಯಾನ್ ಹಾಕಿ, ಅಣ್ಣನೂ ತಾನೂ ಸರದಿಯಲ್ಲಿ ಎದ್ದು ಮಗುಚಿ ಆರಿಸಿದರಂತೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ಹತ್ತಿತು. ಒತ್ತಡ ನಿಭಾಯಿಸುವುದೆಂದರೆ ಇನ್ನೇನು? ಇದನ್ನೇ, ಏನಾಗಿತ್ತು, ತಾನೇನು ಮಾಡಿದೆ, ಕೊನೆಗೇನಾಯಿತು ಎಂಬ ಕ್ರಮದಲ್ಲಿ ಅವನ ಸಾದಾ ಇಂಗ್ಲಿಷಿನಲ್ಲೇ ಹೇಳಿಸಿದೆ. ಒಂದೂವರೆ ನಿಮಿಷ. ಒಮ್ಮೆಯೂ ತಡವರಿಸಲಿಲ್ಲ. ಬರೆದುಕೊಳ್ಳಿ, ಆದರೆ ನಾಲ್ಕೈದು ಪದ ಮಾತ್ರ.

'ನಮ್ಮ ಮಾತಿನ ಧಾಟಿ ಗೊತ್ತಾಗಿಬಿಡುತ್ತೆ' ಎಂಬ ಅಳುಕು ನನಗೆ ಬಹಳ ನೋವು ಕೊಡುತ್ತದೆ. 'ಹಾಲು' ಅನ್ನುವುದು 'ಆಲು' ಆಗುವ ಸೀಮೆ ನಮ್ಮದು, ಅದರಲ್ಲಿ ನಾಚಿಕೆಯೇನೂ ಇಲ್ಲ. ಧಾಟಿಗಿಂತ ಹೆಚ್ಚು ತೊಂದರೆ ಕೊಡುವುದು ಓಟ. ಹೆದರಿಕೆಗೆ ಪದಗಳನ್ನು ನುಂಗಿದರೆ ಕೇಳುವವರಿಗೂ ತಿಳಿಯುವುದಿಲ್ಲ, ಅಕ್ಷರಕ್ಕಿಳಿಸುವ ಯಂತ್ರವೂ ತಪ್ಪು ಬರೆಯುತ್ತದೆ. ವಾಕ್ಯ ಮುಗಿದ ಕಡೆ ಒಂದು ಉಸಿರು ನಿಲ್ಲಿ.

ಕೋಟು, ಹೊಸ ಲ್ಯಾಪ್‌ಟಾಪ್ ಬೇಕೇ ಬೇಕೆಂದೇನಿಲ್ಲ, ಇಸ್ತ್ರಿ ಮಾಡಿದ ಅಂಗಿ ಸಾಕು. ಇನ್ನು, ವಿಡಿಯೊ ಸಂದರ್ಶನಕ್ಕೆ 'ನೋಂದಣಿ ಶುಲ್ಕ' ಮಾಮೂಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದುಡ್ಡು ಅಥವಾ ಒಟಿಪಿ ಕೇಳಿದರೆ ಅದು ಮೋಸ. ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡಿಲ್ಲದೆ ಸರಿಪಡಿಸಬಹುದಾದದ್ದು ಬೆಳಕು ಮತ್ತು ದನಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ. ಫೋನನ್ನು ಕೈಯಲ್ಲಿ ಹಿಡಿಯದೆ ಡಬ್ಬಿಗಳ ಮೇಲೆ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ಲೆನ್ಸನ್ನೇ ನೋಡಿ. ಬರೀ ಸಿಮೆಂಟು ಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಸೀರೆ, ಕಂಬಳಿ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಕೂತರೆ ಆ ಮಾರ್ದನಿ ತಗ್ಗುತ್ತದೆ. ಪಕ್ಕದ ಮನೆಯಲ್ಲಿ ಮಗ್ಗವಿದ್ದರೆ ಅದು ನಿಲ್ಲುವ ಹೊತ್ತು ಕೇಳಿಟ್ಟುಕೊಳ್ಳಿ.

'ವಿಡಿಯೊ ಚೆನ್ನಾಗಿ ಓಡುತ್ತೆ, ನೆಟ್‌ವರ್ಕ್ ಇದೆ' ಎನ್ನುತ್ತಾರೆ. ಅದು ಡೌನ್‌ಲೋಡ್. ನಿಮಗೆ ಬೇಕಾದದ್ದು ಅಪ್‌ಲೋಡ್, ಅದನ್ನು ಬೇರೆಯಾಗಿ ಅಳೆದು ನೋಡಿ. ಕೆಲವು ಕಂಪನಿಗಳು ಇನ್ನೊಮ್ಮೆ ರೆಕಾರ್ಡ್ ಮಾಡಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಮಹದೇಶ್ವರ ಬೆಟ್ಟದ ಸುತ್ತಿನ ಊರುಗಳಲ್ಲೋ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲೋ ಸಿಗ್ನಲ್ ಕೈಕೊಡುತ್ತಿದ್ದರೆ, ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲೇ ಕೊಳ್ಳೇಗಾಲದಲ್ಲಿರುವ ನೆಂಟರ ಮನೆಗೆ ಬಂದುಬಿಡಿ. ಇಸ್ತ್ರಿ ಅಂಗಿಯ ಜೊತೆ ಚಾರ್ಜರೂ ಚೀಲದಲ್ಲಿರಲಿ.