ಉಲ್ಲೇಖದ ಲೆಕ್ಕ ಮತ್ತು ವಿದ್ವತ್ತಿನ ಬೆಲೆ: ಸಿ.ವಿ. ರಾಮನ್ನರ ಧ್ವನಿವಿಜ್ಞಾನ ಸಂಶೋಧನೆಯ ಒಂದು ಪರಿಶೀಲನೆ

ಒಬ್ಬ ವಿದ್ವಾಂಸನ ಸಂಶೋಧನೆ ಎಷ್ಟು ಫಲಕಾರಿಯಾಯಿತು ಎಂಬುದನ್ನು ಅಳೆಯುವ ಪ್ರಶ್ನೆ ಈಗ ವಿಜ್ಞಾನಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಂಶೋಧನೆಗೆ ಅಂಕಗಳನ್ನು ಗೊತ್ತುಪಡಿಸಿದ ಮೇಲೆ ಸಾಹಿತ್ಯದ ಅಭ್ಯಾಸಿಗಳಾದ ನಾವೂ ಈ ಲೆಕ್ಕದೊಳಗೆ ಬಂದಿದ್ದೇವೆ. ಹೊರನಾಡಿನಲ್ಲಿದ್ದು ಕನ್ನಡದಲ್ಲಿ ಬರೆಯುವ ಸಂಶೋಧಕರಿಗೆ ಇದು ಇನ್ನೂ ಹತ್ತಿರದ ಪ್ರಶ್ನೆ. ಆದ್ದರಿಂದ ನಮ್ಮ ಕ್ಷೇತ್ರದ ಹೊರಗಿನ ಒಂದು ನಿದರ್ಶನವನ್ನು ತೆಗೆದುಕೊಂಡು ಈ ಅಳತೆಯ ಬಲಾಬಲಗಳನ್ನು ಇಲ್ಲಿ ವಿಚಾರಿಸುತ್ತೇವೆ.

ಚಂದ್ರಶೇಖರ ವೆಂಕಟರಾಮನ್ ಅವರು 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. 1909ರಲ್ಲಿ ರಂಗೂನಿಗೂ 1910ರಲ್ಲಿ ನಾಗಪುರಕ್ಕೂ ಅವರಿಗೆ ವರ್ಗವಾಯಿತು. 1911ರಲ್ಲಿ ಮರಳಿ ಕಲ್ಕತ್ತೆಗೆ ಬಂದರು. ನಾಗಪುರದಲ್ಲಿ ಅವರು ಪ್ರಾಧ್ಯಾಪಕರಲ್ಲ, ಲೆಕ್ಕಪತ್ರದ ಅಧಿಕಾರಿ. ಆದರೂ ಅವರ ಮನಸ್ಸು ಕಂಪಿಸುವ ತಂತಿಯಲ್ಲಿ ನೆಟ್ಟಿತ್ತು. ಏಕತಾರಿಯನ್ನು ಕುರಿತ ಬರಹ, ತಂತಿಯ ನಿಶ್ಚಲಬಿಂದುಗಳಲ್ಲಿಯೂ ಇರುವ ಸೂಕ್ಷ್ಮಚಲನೆಯನ್ನು ಕುರಿತು ‘ನೇಚರ್’ ಪತ್ರಿಕೆಗೆ ಬರೆದ ಟಿಪ್ಪಣಿ, ಇವೆರಡೂ 1909ರವು. ಜಗತ್ತು ಅವರನ್ನು 1928ರ ಬೆಳಕಿನ ಶೋಧದಿಂದ ಗುರುತಿಸುತ್ತದೆ. ಆದರೆ ಅವರ ಮೊದಲ ದಶಕಗಳ ದುಡಿಮೆಯ ದೊಡ್ಡ ಪಾಲು ನಾದಕ್ಕೆ ಸಂದದ್ದು. ಜನ್ಮಶತಾಬ್ದಿಯ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಅವರ ಲೇಖನಗಳನ್ನು ಆರು ಸಂಪುಟಗಳಲ್ಲಿ ಪ್ರಕಟಿಸಿದಾಗ ಎರಡನೆಯ ಸಂಪುಟವನ್ನು ಪೂರ್ಣವಾಗಿ ಧ್ವನಿವಿಜ್ಞಾನಕ್ಕೆ ಮೀಸಲಿಡಬೇಕಾಯಿತು.

ಈ ಬರಹಗಳಲ್ಲಿ ನಾಲ್ಕನ್ನು ಎತ್ತಿಕೊಳ್ಳೋಣ. ಮೊದಲನೆಯದು, ಪಿಟೀಲಿನ ಕಮಾನು ತಂತಿಯನ್ನು ಹೇಗೆ ಕಂಪಿಸುತ್ತದೆಂಬುದನ್ನು ವಿವರಿಸುವ, 1918ರ 158 ಪುಟಗಳ ಪ್ರಬಂಧ. ಎರಡನೆಯದು, ತಂಬೂರಿ ಮತ್ತು ವೀಣೆಗಳನ್ನು ಕುರಿತ 1921ರ ಲೇಖನ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರದ ನಿಶ್ಚಲಸ್ಥಾನವಿರುತ್ತದೆಯೋ ಆ ಉಪಸ್ವರ ಕೇಳಿಬರದು ಎಂಬುದು ಯೂರೋಪಿನ ನಿಯಮ. ಕುದುರೆಯ ಬಾಗಿದ ಮೈಯಿಂದಾಗಿ ನಮ್ಮ ವಾದ್ಯಗಳು ಅದನ್ನು ಮೀರುತ್ತವೆಂದು ರಾಮನ್ ತೋರಿಸಿದರು. ಮೂರನೆಯದು, ಮೃದಂಗ ಮತ್ತು ತಬಲಗಳನ್ನು ಕುರಿತದ್ದು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಪೂರ್ಣಾಂಕಗಳ ಅನುಪಾತದಲ್ಲಿರುವುದಿಲ್ಲ. ಎರಡನೆಯದು ಮೊದಲನೆಯದರ ಸುಮಾರು 1.59 ಪಟ್ಟು. ನಡುವೆ ಕರಿಯ ಲೇಪ ಹಾಕಿದಾಗ ಮೊದಲ ಒಂಬತ್ತು ಕಂಪನರೂಪಗಳು ಐದೇ ಸ್ವರಗಳಾಗಿ ಕೂಡಿ 1, 2, 3, 4, 5ರ ಅನುಪಾತಕ್ಕೆ ಬರುತ್ತವೆ. 1920ರ ಕಿರುಟಿಪ್ಪಣಿಯಲ್ಲಿ ಆರಂಭವಾದ ಈ ವಿಚಾರ 1934ರಲ್ಲಿ ಬೆಂಗಳೂರಿನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರ ಪಡೆಯಿತು. ನಾಲ್ಕನೆಯದು, ಅದೇ ಪತ್ರಿಕೆಯಲ್ಲಿ 1935–36ರಲ್ಲಿ ನಾಗೇಂದ್ರನಾಥರೊಡನೆ ಬರೆದ ಐದು ಭಾಗಗಳ ಲೇಖನಮಾಲೆ. ಕಿವಿಗೆ ಕೇಳದ ಅತಿಸೂಕ್ಷ್ಮ ಧ್ವನಿತರಂಗಗಳು ದ್ರವದಲ್ಲಿ ಹಾಯುವಾಗ ಬೆಳಕು ಹಲವು ಕವಲುಗಳಾಗಿ ಒಡೆಯುವುದಕ್ಕೆ ಇದು ಕಾರಣವನ್ನು ನೀಡಿತು.

ಇನ್ನು ಉಲ್ಲೇಖದ ವಿಷಯ. ಯೂಜೀನ್ ಗಾರ್ಫೀಲ್ಡ್ 1964ರಿಂದ ಫಿಲಡೆಲ್ಫಿಯಾದಲ್ಲಿ ವಿಜ್ಞಾನ ಉಲ್ಲೇಖ ಸೂಚಿಯನ್ನು ಕ್ರಮವಾಗಿ ಹೊರತಂದರು. 2005ರಲ್ಲಿ ಹಿರ್ಷ್ ಸೂಚಿಸಿದ ಅಂಕ ಇನ್ನೂ ಸರಳ: ಹತ್ತು ಲೇಖನಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅಂಕ ಹತ್ತು. ಈ ಅಳತೆಯಲ್ಲಿ 158 ಪುಟಗಳ ಪ್ರಬಂಧವೂ ಒಂದು, ಒಂದು ಪುಟದ ಟಿಪ್ಪಣಿಯೂ ಒಂದು. ಕಾಲದ ದೂರವೂ ಇಲ್ಲಿ ಲೆಕ್ಕಕ್ಕೆ ಬಾರದು. ಕಮಾನಿನ ಒತ್ತಡವನ್ನು ಕುರಿತ ರಾಮನ್ನರ ವಿಚಾರವನ್ನು ಅಮೆರಿಕದ ಜಾನ್ ಶೆಲ್ಲೆಂಗ್ ಮುಂದುವರಿಸಿದ್ದು 1973ರಲ್ಲಿ, ಅಂದರೆ ಅರ್ಧ ಶತಮಾನದ ಮೇಲೆ. ಮೃದಂಗದ ಪ್ರಶ್ನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಗಣಿತದ ಉತ್ತರ ಕೊಟ್ಟದ್ದು 1954ರಲ್ಲಿ. ಐದು ವರ್ಷಗಳ ಉಲ್ಲೇಖವನ್ನೆಣಿಸುವ ಸಮಿತಿಯ ಮುಂದೆ ಇಂಥ ಬರಹಗಳ ಗತಿಯೇನು?

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಲೇಸರಿನ ಬಳಕೆ ಬಂದ ಮೇಲೆ ‘ರಾಮನ್–ನಾಥ್ ವಿವರ್ತನೆ’ ಪಠ್ಯಪುಸ್ತಕದ ಮಾತಾಯಿತು. ಹೆಸರು ಪಾರಿಭಾಷಿಕ ಪದವಾದೊಡನೆ ಮೂಲಲೇಖನವನ್ನು ಉಲ್ಲೇಖಿಸಬೇಕೆಂದು ಯಾರಿಗೂ ಅನ್ನಿಸದು. ಜ್ಞಾನವು ಎಲ್ಲರದೂ ಆಗಿ ಅದರ ಮೂಲ ಮರೆಯಾಗುವ ಈ ಪ್ರಕ್ರಿಯೆಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದಾರೆ. ಹೀಗೆ ಪ್ರಭಾವ ಪರಾಕಾಷ್ಠೆಗೆ ಮುಟ್ಟಿದಾಗ ಉಲ್ಲೇಖ ಕಡಿಮೆಯಾಗಬಹುದು.

ಹಳಗನ್ನಡದ ಅಭ್ಯಾಸಿಗಳಿಗೆ ಇದು ಹೊಸತೇನಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಗದ್ಯಕಾರರೆಂದು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ನಮಗೆ ದೊರೆತಿಲ್ಲ. ಅಲ್ಲಿ ಉಲ್ಲೇಖ ಉಳಿಯಿತು, ಕೃತಿ ಅಳಿಯಿತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸುತ್ತಾನೆ. ಆದರೆ ಆಯಾ ಪದ್ಯ ಯಾರದೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಅಲ್ಲಿ ಮಾತು ಉಳಿಯಿತು, ಹೆಸರು ಮರೆಯಿತು. ಎರಡನ್ನೂ ಬಲ್ಲ ನಾವು ಉಲ್ಲೇಖವನ್ನು ಒಂದು ಸಾಕ್ಷ್ಯವೆಂದು ಮನ್ನಿಸುತ್ತೇವೆ, ತೀರ್ಪೆಂದು ಒಪ್ಪುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವುಂಟು. ರಾಮನ್ನರ 1918ರ ಪ್ರಬಂಧ ಪ್ರಕಟವಾದದ್ದು ಲಂಡನ್ನಿನ ಪತ್ರಿಕೆಯಲ್ಲಲ್ಲ; ಕಲ್ಕತ್ತೆಯ ಭಾರತೀಯ ವಿಜ್ಞಾನ ಸಂವರ್ಧನ ಸಂಸ್ಥೆಯ ಹದಿನೈದನೆಯ ಬುಲೆಟಿನ್ನಾಗಿ. ಅದು ಅಂದಿಗೆ ಈ ನಮ್ಮ ಪತ್ರಿಕೆಯಂತೆಯೇ ಒಂದು ಸಂಸ್ಥೆಯ ಸಾಧಾರಣ ಪ್ರಕಟಣೆ. ಅದನ್ನು ಯಾರೋ ಜೋಪಾನವಾಗಿ ಕಾಪಿಟ್ಟಿದ್ದರಿಂದ, ಮುಂದೆ ಓದಬೇಕಾದವರಿಗೆ ಅದು ಸಿಕ್ಕಿತು. ಆದುದರಿಂದ ಹೊರನಾಡಿನ ಸಂಶೋಧಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ: ಅಂಕಗಳಿಗಾಗಿ ಬರೆಯಬೇಕಾದದ್ದನ್ನು ಬರೆಯೋಣ; ಆದರೆ ನಮ್ಮ ಅತ್ಯುತ್ತಮವಾದುದನ್ನು ಸಣ್ಣ ಪತ್ರಿಕೆಗೆ ಕೊಡಲು ಹಿಂಜರಿಯದಿರೋಣ. ಯಾರಿಂದ ಏನನ್ನು ಪಡೆದೆವೋ ಅದನ್ನು ಹೆಸರಿಟ್ಟು ಹೇಳೋಣ; ಪ್ರತಿಗಳನ್ನು ಗ್ರಂಥಾಲಯಗಳಲ್ಲಿ ಉಳಿಸೋಣ. ಲೆಕ್ಕ ಕಟ್ಟುವವರು ತಡವಾಗಿ ಬಂದಾರು; ಆಗ ಕೃತಿ ಅಲ್ಲಿರಬೇಕು.